ಕೇಳುವ ಮೊದಲೇ ಕೊಟ್ಟ ಮಾತು

“ಕಾಫಿ ಕುಡೀರಿ ಶೇಖ್ ದುಲೈವಾನರೇ! ಏನು ಕೇಳೋಕೆ ಬಂದಿದ್ದೀರೋ ಅದು ನಿಮಗೆ ಸಿಕ್ಕಿತು ಅಂತಲೇ ತಿಳ್ಕೊಳ್ಳಿ!”

ಹಜಾರದಿಂದ ತಮ್ಮ ಸಾಯಿಲನ ದನಿ ಅಡುಗೆಮನೆಗೆ ಕೇಳಿದಾಗ ನೌಫಾಳ ಮುಖ ಅರಳಿತು. ಸಾಯಿಲ್ ಸಂಸದನಾಗಿ ಗೆದ್ದು ಹದಿನೈದು ದಿನವೂ ಆಗಿರಲಿಲ್ಲ, ಆಗಲೇ ಕರಕ್ ಸೀಮೆಯ ಹಿರಿಯರೆಲ್ಲ ಶೇಖ್ ದುಲೈವಾನರನ್ನು ಮುಂದಿಟ್ಟುಕೊಂಡು ಅವನ ಮನೆಗೆ ಬಂದಿದ್ದರು. ಹೀಗೆ ಬಂದವರು ಕೋರಿಕೆ ಈಡೇರುವ ತನಕ ಕಾಫಿ ಬಟ್ಟಲನ್ನು ತುಟಿಗೆ ಸೋಕಿಸುವುದಿಲ್ಲ. ದೊಡ್ಡಸ್ತಿಕೆಯ ಯಜಮಾನನಾದರೆ ಕೋರಿಕೆ ಏನೆಂದು ಕೇಳುವ ಮೊದಲೇ ‘ಕುಡಿಯಿರಿ’ ಎನ್ನುತ್ತಾನೆ. ಸಾಯಿಲನಿಗೆ ದೊಡ್ಡಸ್ತಿಕೆ ಹೊಸದು! ಅದೂ ಅಲ್ಲದೆ ಶೇಖರು ತಮ್ಮ ಮೊಮ್ಮಗನಿಗೆ ಅವನ ಮಗಳನ್ನು ಕೇಳಲು ಬರುತ್ತಾರೆಂದು ಊರೆಲ್ಲ ಸುದ್ದಿಯಾಗಿತ್ತು. ಅವನ ಹೆಂಡತಿ ಇಂತಿಸಾರಳ ಕಾಲು ಬೆಳಗಿನಿಂದ ನೆಲದ ಮೇಲೆ ನಿಂತಿರಲಿಲ್ಲ.

“ಕೇಳಿದ್ಯಾ ನಮ್ಮ ಯಜಮಾನ್ರ ಗತ್ತು?” ಎಂದಳು ಇಂತಿಸಾರ್, ಬಳೆ ಹಿಂದಕ್ಕೆ ಸರಿಸುತ್ತ. “ಇದು ಮಂತ್ರಿ ಆಗೋ ಲಕ್ಷಣ. ಹಾಗೇ ಬಾಯಿ ಬಿಟ್ಕೊಂಡು ನಿಂತಿರಬೇಡ ಅತ್ತಿಗೆ, ಸಿಹಿ ತಟ್ಟೆಗೆ ಹಾಕು.”

ಅಷ್ಟರಲ್ಲಿ ಶೇಖರ ದನಿ ಕೇಳಿಸಿತು. “ದೇವರು ನಿನ್ನ ಮುಖ ಬೆಳಗಲಿ ಸಾಯಿಲ್. ನಾವು ಬಂದದ್ದು ನಿನ್ನ ಸೋದರಳಿಯ ರಾಕಾನ್‌ನ ರಕ್ತದ ವಿಷಯಕ್ಕೆ. ಕಾರು ಓಡಿಸಿದ ಹುಡುಗನಿಗೆ ಇನ್ನೂ ಎಳೇ ಪ್ರಾಯ. ಕ್ಷಮಿಸಿಬಿಡಿ. ತೀರ್ಪು ಬರೋದ್ರೊಳಗೆ ಕೋರ್ಟಿನಲ್ಲಿ ಶಿಕ್ಷೆ ಕೇಳೋ ನಿಮ್ಮ ಹಕ್ಕು ಬಿಟ್ಟುಕೊಡಿ.”

ನೌಫಾ ಸಿಹಿಯ ತಟ್ಟೆ ಕೆಳಗಿಟ್ಟು ನೆಲದ ಮೇಲೆ ಕೂತಳು. ರಾಕಾನ್... ಅವಳ ಒಬ್ಬನೇ ಮಗ!

ತಂದೆತಾಯಿ ಹೋದ ಮೇಲೆ ಸಾಯಿಲನನ್ನು ಸಾಕಿದವಳು ಅವಳು. ಕುರಿಹಾಲಿನ ಮೊಸರನ್ನು ಉಪ್ಪು ಹಾಕಿ ಉಂಡೆ ಕಟ್ಟಿ ಒಣಗಿಸಿ ಮಾರಿ, ಕೈ ಬಿರಿದು ರಕ್ತ ಬಂದರೂ ಬಿಡದೆ ಅವನನ್ನು ವಕೀಲಿ ಓದಿಸಿದಳು. ಔಷಧಿ ಅಂಗಡಿಯ ಮೇಲಿನ ಸಣ್ಣ ಕೋಣೆಯಲ್ಲಿ ಅವನು ಕಚೇರಿ ತೆರೆದ ದಿನ ಊರಿಗೆಲ್ಲ ಅನ್ನ ಹಾಕಿದ್ದಳು. ಎರಡು ವರ್ಷದ ಹಿಂದೆ ರೊಟ್ಟಿ ತರಲು ಹೋದ ರಾಕಾನ್‌ಗೆ ಗುತ್ತಿಗೆದಾರನೊಬ್ಬನ ಮಗ ಕಾರು ಗುದ್ದಿ, ನಿಲ್ಲಿಸದೆ ಓಡಿಹೋದ. ರಾಜಿಗೆ ಬಂದವರನ್ನು ಸಾಯಿಲ್ ಬಾಗಿಲಿಂದಲೇ ಕಳಿಸಿದ್ದ. ‘ಅವನು ಕಟಕಟೆಯಲ್ಲಿ ನಿಲ್ಲಲೇಬೇಕು ಅಕ್ಕಾ’ ಎಂದು ಅವಳ ಕೈ ಹಿಡಿದು ಆಣೆ ಇಟ್ಟಿದ್ದ. ನಿಲ್ಲಿಸಿಯೂ ತೋರಿಸಿದ! ದೊಡ್ಡವರ ಮಗನನ್ನು ಕೋರ್ಟಿಗೆ ಎಳೆದ ವಕೀಲನೆಂದು ಸೀಮೆಯೆಲ್ಲ ಅವನ ಹೆಸರು ಹರಡಿತು. ಚುನಾವಣೆಯಲ್ಲಿ ಜನ ಮುಗಿಬಿದ್ದು ಮತ ಹಾಕಿದರು. ರಾಕಾನ್ ಸತ್ತದ್ದರಿಂದಲೇ ಅವನ ಮಾವ ಸಂಸದನಾದ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ.

ಸಾಯಿಲ್ ಒಳಗೆ ಬಂದ. ಮುಖದಲ್ಲಿ ರಕ್ತವಿರಲಿಲ್ಲ.

“ಮದುವೆ ಮಾತು ಅಂದ್ಕೊಂಡೆ ಅಕ್ಕಾ... ದೇವರಾಣೆಗೂ...”

“ಹಾಗಾದ್ರೆ ಹೊರಗೆ ಹೋಗಿ ತಪ್ಪು ತಿಳ್ಕೊಂಡೆ ಅನ್ನು!”

“ನೂರು ಜನರ ಮುಂದೆ ಕೊಟ್ಟ ಮಾತು! ವಾಪಸ್ ತಗೊಂಡ್ರೆ ಈ ಸೀಮೇಲಿ ನಾನು ತಲೆ ಎತ್ತೋ ಹಾಗಿಲ್ಲ. ನಾಳೆಯಿಂದ ಯಾರು ನನ್ನ ಮಾತು ಕೇಳ್ತಾರೆ?”

“ನನಗೆ ಕೊಟ್ಟದ್ದು ಮಾತಲ್ವಾ ಸಾಯಿಲ್?”

ಅವನು ಗೋಡೆಗೆ ಒರಗಿದ. “ರಾಕಾನ್‌ನ ಅಪ್ಪ ಬದುಕಿಲ್ಲ, ಇರೋ ತಾಯಿ ನೀನು. ನಿನ್ನ ಸಹಿ ಇಲ್ಲದೆ ಏನೂ ಆಗಲ್ಲ. ಒಲ್ಲೆ ಅಂದ್ರೆ ಕಾನೂನು ನಿನ್ನ ಕಡೆಗೇ ಇದೆ... ಅದನ್ನೂ ನಾನೇ ಹೇಳಬೇಕಲ್ಲಾ!”

“ಸತ್ತವನು ಎದ್ದು ಬರ್ತಾನಾ?” ಇಂತಿಸಾರ್ ಸಿಡಿದಳು. “ಬದುಕಿರೋರ ಬಾಳಿಗೆ ಮಣ್ಣು ಹಾಕ್ತಾಳಂತೆ! ಸಾಕಿದ್ದಕ್ಕೆ ಬಡ್ಡಿ ವಸೂಲಿ!”

“ಬಾಯಿ ಮುಚ್ಚೇ!” ಎಂದು ಕೂಗಿದ ಸಾಯಿಲ್, ಮರುಕ್ಷಣವೇ ಅಕ್ಕನ ಮಡಿಲಲ್ಲಿ ಮುಖ ಹುದುಗಿಸಿ ಬಿಕ್ಕಿ ಬಿಕ್ಕಿ ಅತ್ತ. ಜ್ವರ ಬಂದಾಗ ಹೀಗೇ ಮಡಿಲು ಹುಡುಕುತ್ತಿದ್ದ ಮಗು! ಒಬ್ಬ ಮಗ ಮಣ್ಣಲ್ಲಿ, ಇನ್ನೊಬ್ಬ ಮಡಿಲಲ್ಲಿ... ಯಾರನ್ನು ಬಿಡಲಿ? ನೌಫಾ ಅವನ ಕೂದಲನ್ನು ಒಂದು ಸಲ ಸವರಿದಳು. ಆಮೇಲೆ ಅವನ ತಲೆಯನ್ನು ಮೆಲ್ಲಗೆ ಪಕ್ಕಕ್ಕಿಟ್ಟು ಎದ್ದಳು.

ಹೆಂಗಸು ಹಜಾರಕ್ಕೆ ಬಂದದ್ದನ್ನು ಕಂಡು ಗಂಡಸರೆಲ್ಲ ಕಣ್ಣು ತಗ್ಗಿಸಿದರು. ಸಾಯಿಲ್ ಅವಳ ಹಿಂದೆಯೇ ಓಡಿಬಂದು ಬಾಗಿಲಲ್ಲಿ ನಿಂತ.

“ಹೇಳಮ್ಮಾ, ರಾಕಾನ್‌ನ ತಾಯಿ,” ಎಂದರು ಶೇಖರು.

ರಕ್ತದ ಹಕ್ಕನ್ನು ಒಬ್ಬೊಬ್ಬರ ಗೌರವಕ್ಕೆ ಒಂದೊಂದು ಪಾಲಿನಂತೆ ಬಿಡುತ್ತ ಹೋಗುವುದು ಪದ್ಧತಿ. ಅದನ್ನು ಹೇಳುವವನು ಮನೆಯ ಗಂಡಸು. ಇಂದು ಅವಳೇ ಹೇಳಿದಳು.

“ನನ್ನ ಮಗನ ರಕ್ತದಲ್ಲಿ ಒಂದು ಪಾಲು ದೇವರಿಗಾಗಿ ಬಿಟ್ಟೆ. ಒಂದು ಪಾಲು ಶೇಖರ ಬಿಳಿಗಡ್ಡಕ್ಕಾಗಿ ಬಿಟ್ಟೆ. ಒಂದು ಈ ಹೊಸ್ತಿಲು ತುಳಿದ ನಿಮ್ಮೆಲ್ಲರಿಗಾಗಿ. ಉಳಿದದ್ದು... ಆ ಹುಡುಗನನ್ನ ಹೆತ್ತವಳಿಗಾಗಿ. ಅವಳಾದ್ರೂ ಮಗನ ಮುಖ ನೋಡ್ಲಿ.”

ಎಲ್ಲರೂ ಕಾದರು. ಶೇಖರು ಕೆಮ್ಮಿದರು. “ನಮ್ಮ ಸಂಸದರ ಗೌರವಕ್ಕೆ ಏನೂ ಬಿಡಲಿಲ್ವಲ್ಲಮ್ಮಾ?”

“ಅವನ ಪಾಲು ಅವನು ಆಗಲೇ ತಗೊಂಡಾಯ್ತು ಶೇಖರೇ. ಬಿಡೋಕೆ ನನ್ನ ಹತ್ರ ಇನ್ನೇನಿದೆ?”

ಶೇಖರು ಬಟ್ಟಲೆತ್ತಿ ಕುಡಿದರು. ನೂರು ಬಟ್ಟಲುಗಳು ಮೇಲೆದ್ದವು. ಜನ ಸಾಯಿಲನ ಹೆಗಲಿಗೆ ಮುತ್ತಿಟ್ಟು ಹೊಗಳಿದರು. ಸಂಜೆಯೊಳಗೆ ನೌಫಾ ಸಹಿ ಹಾಕಿದಳು. ಅದೇ ವಾರ ಹುಡುಗ ಜೈಲಿನಿಂದ ಮನೆ ಸೇರಿದ, ಅವನ ಮನೆಯಲ್ಲಿ ಕುರಿ ಕಡಿದರು.

ಸಂಸತ್ತಿನಲ್ಲಿ ಪ್ರಮಾಣವಚನದ ದಿನ ಬೆಳಿಗ್ಗೆ ಸಾಯಿಲ್ ಹೊಸ ನಿಲುವಂಗಿ ತೊಟ್ಟು ಅಕ್ಕನನ್ನು ರಾಜಧಾನಿ ಅಮ್ಮಾನ್‌ಗೆ ಕರೆದೊಯ್ಯಲು ಅವಳ ಮನೆಗೆ ಬಂದ. ಅವನನ್ನು ಕಂಡು ನೌಫಾ ಥಟ್ಟನೆ ಎದ್ದು ನಿಂತಳು. ಅತಿಥಿಗಳ ಹಾಸಿಗೆ ಬಿಚ್ಚಿ ಹಾಸಿದಳು, ದಿಂಬು ಕೊಟ್ಟಳು.

“ಬನ್ನಿ ಸಂಸದರೇ, ಕೂತ್ಕೊಳ್ಳಿ. ಮನೇಲೆಲ್ಲ ಆರೋಗ್ಯವೇ? ಮಕ್ಕಳು ಚೆನ್ನಾಗಿದ್ದಾರಾ?”

“ಅಕ್ಕಾ!... ಬೈಯಿ, ಹೊಡಿ, ಏನಾದ್ರೂ ಮಾಡು. ಹೀಗೆ ಮಾತ್ರ ಮಾತಾಡಬೇಡ!”

“ದೊಡ್ಡವರು ನಮ್ಮಂಥವರ ಮನೆಗೆ ಬಂದಿದ್ದೀರಿ. ಚಹಾ ತರ್ತೀನಿ.”

ಅವನು ಅತ್ತ, ಕಾಲು ಹಿಡಿದ. ಅವಳು ಸಿಟ್ಟಾಗಲಿಲ್ಲ, ಅಳಲೂ ಇಲ್ಲ. ಚಹಾ ಕೊಟ್ಟಳು. ಅವನು ಹೊರಟಾಗ, ಮನೆಗೆ ಬಂದ ದೊಡ್ಡವರನ್ನು ಬೀಳ್ಕೊಡುವ ಹಾಗೆ ಗೇಟಿನವರೆಗೂ ಜೊತೆಗೆ ನಡೆದು ಹೋದಳು.