ಹನ್ನೊಂದು ನಕ್ಷೆ ಸುರುಳಿಗಳು

ಏಪ್ರಿಲ್ 14, ಬೆಳಿಗ್ಗೆ 9.40. ದಕ್ಷಿಣ ಪೋಲೆಂಡಿನ ಆ ಪುಟ್ಟ ಊರಿನ ಠಾಣೆಗೆ ಕ್ಷಿಪಣಿ ಕಾರ್ಖಾನೆಯ ವ್ಯವಸ್ಥಾಪಕ ತೊಮಾಶ್ ಏದುಸಿರು ಬಿಡುತ್ತಾ ಬಂದ. ದಾಖಲೆ ಕೋಣೆಯಿಂದ ಹನ್ನೊಂದು ನಕ್ಷೆ ಸುರುಳಿಗಳು ಕಾಣೆಯಾಗಿವೆ ಎಂಬುದು ದೂರು.

"ಎಷ್ಟು ಹಳೇವು?" ಇನ್‌ಸ್ಪೆಕ್ಟರ್ ಬೊಗುಮಿಲ್ ಕೇಳಿದ.

"ಇಪ್ಪತ್ತೈದು ವರ್ಷದ್ದು. ಕ್ಷಿಪಣಿಗೆ ಗುರಿ ತೋರಿಸೋ ಕಣ್ಣಿನ ನಕ್ಷೆ. ನಮ್ಮವರೇ ಮಾಡಿದ್ದು. ಆಮೇಲೆ ಅಮೆರಿಕದ್ದೇ ತರಿಸ್ಕೊಳ್ತಿದ್ವಿ."

"ಇಷ್ಟು ವರ್ಷ ಇಲ್ಲದ ಅಕ್ಕರೆ ಈಗ್ಯಾಕೆ?"

"ಇನ್ನು ಮೂರು ವರ್ಷ ಕಳ್ಸೋಕಾಗಲ್ಲ ಅಂದ್ಬಿಟ್ರು ಸಾರ್ ಅಮೆರಿಕದವರು. ಕಣ್ಣಿಲ್ಲದಿದ್ರೆ ನಮ್ಮ ಕ್ಷಿಪಣಿ ಬರೀ ಕಬ್ಬಿಣದ ಕೊಳವೆ. ಹಳೇದನ್ನೇ ಮತ್ತೆ ಮಾಡೋಣ ಅಂತ ನಿನ್ನೆ ಕಪಾಟು ತೆಗೆದ್ವಿ."

ಎಫ್‌ಐಆರ್ ದಾಖಲಾಯಿತು. ಬೀಗ ಮುರಿದಿರಲಿಲ್ಲ. ಕಳೆದ ತಿಂಗಳವರೆಗೆ ಕೀಲಿ ಇದ್ದದ್ದು ಈಗ ನಿವೃತ್ತಳಾಗಿರುವ ದಾಖಲೆಪಾಲಕಿ ಯದ್ವಿಗಾಳ ಬಳಿ. ಪೇದೆ ಹಲೀನಾ ಗೇಟಿನ ಪುಸ್ತಕ ತಿರುವಿದಳು. ಫೆಬ್ರವರಿ 6, ಸಂಜೆ 4.15: ಯದ್ವಿಗಾ, ಉದ್ದನೆಯ ಚೀಲದೊಂದಿಗೆ ಹೊರಗೆ.

"ಚೀಲ ಯಾಕೆ ಬಿಚ್ಚಿಸಲಿಲ್ಲ?"

"ಮಾರನೇ ದಿನ ಅವರ ಗಂಡನ ಮಣ್ಣು ಮೇಡಂ," ಎಂದ ಕಾವಲಿನವನು. "ಹೆಂಗೆ ಕೇಳ್ಲಿ?"

ಯದ್ವಿಗಾ ತನ್ನ ಮನೆಗೆ ಬಂದ ಪೊಲೀಸರಿಬ್ಬರನ್ನೂ ಕೂರಿಸಿ ಗಾಜಿನ ಲೋಟದಲ್ಲಿ ಚಹಾ ಕೊಟ್ಟಳು.

"ಸುರುಳಿಗಳನ್ನ ಯಾರಿಗೆ ಕೊಟ್ರಿ ಅಮ್ಮ?"

"ಬರೆದವನಿಗೇ ಕೊಟ್ಟೆ. ನನ್ನ ಝೆನೋನ್‌ಗೆ. ಪೆಟ್ಟಿಗೆ ಮುಚ್ಚೋ ಮುಂಚೆ ಅವನ ಎದೆ ಮೇಲಿಟ್ಟೆ."

ಬೊಗುಮಿಲ್ ಲೋಟ ಕೆಳಗಿಟ್ಟ. ಹತ್ತೊಂಬತ್ತು ವರ್ಷದ ನೌಕರಿಯಲ್ಲಿ ಅವನು ಗೋರಿ ಅಗೆಸಿರಲಿಲ್ಲ.

ಹೇಳಿಕೆ ಬರೆದುಕೊಂಡವಳು ಹಲೀನಾ. ಕಣ್ಣು ತಯಾರಿಸುತ್ತಿದ್ದ ವಿಭಾಗ ಮುಚ್ಚಿದ ಮೇಲೆ ಝೆನೋನ್‌ನನ್ನು ಗೋದಾಮಿಗೆ ಹಾಕಿದ್ದರು. ಅಮೆರಿಕದಿಂದ ಬಂದ ಪೆಟ್ಟಿಗೆಗಳಿಗೆ ಸಹಿ ಹಾಕಿ ಇಳಿಸಿಕೊಳ್ಳುವುದು ಅವನ ಕೆಲಸ. ಬಿಚ್ಚಿ ನೋಡುವ ಅಧಿಕಾರವಿರಲಿಲ್ಲ. ಮನೆಯಲ್ಲಿ ಅವನು ಆ ಮಾತೇ ಎತ್ತುತ್ತಿರಲಿಲ್ಲ. ಕೊನೆಯ ವಾರ ಮಾತ್ರ, ನಕ್ಷೆಗಳು ಇನ್ನೂ ಇವೆಯಾ ಎಂದು ಕೇಳಿದ್ದ. ಇವೆ ಎಂದಿದ್ದಳು. ಆ ವರ್ಷ ಸುಡಬೇಕಾದ ಕಾಗದಗಳ ಪಟ್ಟಿಯಲ್ಲಿ ಅವೂ ಇದ್ದದ್ದನ್ನು ಹೇಳಿರಲಿಲ್ಲ.

ಏಪ್ರಿಲ್ 17, ಬೆಳಿಗ್ಗೆ 6. ನ್ಯಾಯಾಲಯದ ಆದೇಶದಂತೆ ಪಾದ್ರಿ, ವೈದ್ಯರು, ಇಬ್ಬರು ಪಂಚರ ಸಮ್ಮುಖದಲ್ಲಿ ಮಣ್ಣು ತೆಗೆಸಲಾಯಿತು. ದಪ್ಪ ಪ್ಲಾಸ್ಟಿಕ್ಕಿನೊಳಗೆ ಹನ್ನೊಂದೂ ಒದ್ದೆಯಾಗದೆ ಉಳಿದಿದ್ದವು. ಪಂಚನಾಮೆಗೆ ಸಹಿ ಬಿದ್ದ ಕೂಡಲೇ ತೊಮಾಶ್, ನಕಲು ತೆಗೆಯಲು ಯಾವಾಗ ಸಿಗುತ್ತವೆ ಎಂದು ವಿಚಾರಿಸಿದ.

ಗೋರಿಯ ಪಕ್ಕ ನಿಂತಿದ್ದ ಯದ್ವಿಗಾ ಬೊಗುಮಿಲ್ ಕಡೆ ತಿರುಗಿದಳು. "ಸುಡೋಕಿಟ್ಟಿದ್ದನ್ನ ಅಗೆದು ತೆಗೀತಿದ್ದಾರಲ್ಲ, ಯಾಕಂತೆ ಸಾರ್?"

"ಅದನ್ನೇ ಮತ್ತೆ ತಯಾರಿಸ್ತಾರಂತೆ ಅಮ್ಮ."



"ಎರಡು ತಿಂಗಳ ಹಿಂದೆ ಯಾರಾದ್ರೂ ಬಂದು ಅವನಿಗೆ ಹೇಳ್ಬಾರ್ದಿತ್ತಾ?"

ಬಂಧನ ಪತ್ರದಲ್ಲಿ ಬೊಗುಮಿಲ್ ಸಮಯ ಬರೆದ: 7.25. ಕೈಕೋಳ ಹಾಕಲಿಲ್ಲ.