ಮುಗಿಲೂರಿನ ಗಂಜಿಕಟ್ಟೆ

ಬಹಳ ಹಿಂದೆ, ಮೋಡಗಳು ಮನುಷ್ಯರ ಮಾತು ಕೇಳುತ್ತಿದ್ದ ಕಾಲದಲ್ಲಿ, ಬೆಟ್ಟದ ಹೆಗಲ ಮೇಲೆ ಮುಗಿಲೂರು ಎಂಬ ರಾಜಧಾನಿಯಿತ್ತು. ಅಲ್ಲಿಯವರು ಮಳೆಯನ್ನು ಕಿಟಕಿಯಿಂದ ಬಗ್ಗಿ ನೋಡುತ್ತಿದ್ದರು. ಕಲ್ಲಿನ ಮನೆಗಳು, ಉಪ್ಪು ಉಣ್ಣೆಯ ಸಂತೆ. ಮೋಡದ ತುಂಡೊಂದು ಬೀದಿಗೆ ನುಗ್ಗಿದರೆ ಹೆಂಗಸರು ಪೊರಕೆ ಹಿಡಿದು ಆಚೆಗೆ ಗುಡಿಸುತ್ತಿದ್ದರು. ಗಾಳಿ ತೆಳುವಾದ್ದರಿಂದ ಯಾರೂ ಓಡುತ್ತಿರಲಿಲ್ಲ. ಕಳ್ಳನೂ ನಡೆದೇ ಹೋಗುತ್ತಿದ್ದ, ಹಿಡಿಯುವವನೂ ನಡೆದೇ ಬರುತ್ತಿದ್ದ.

ಊರಬಾಗಿಲಲ್ಲಿ ಒಂದು ಕಟ್ಟೆ. ಬೆಟ್ಟ ಹತ್ತಿ ಬಂದವರು ಅಲ್ಲಿ ಕೂತು ಬಿಸಿ ಗಂಜಿ ಕುಡಿಯಬೇಕು. ಅವರ ಏದುಸಿರು ಇಳಿಯುವ ತನಕ ಹೆಸರು, ಊರು ಏನನ್ನೂ ಕೇಳಬಾರದು. ಗಂಜಿ ಕಾಯಿಸುವವಳು ಜಕ್ಕಲೆ. ಅವಳ ಗಂಡ ಕಂಚುಗ ಕೋಟೆಯ ಮೇಲೆ ನಿಂತು ಕೊಂಬು ಊದಿದರೇನೇ ಅಲ್ಲಿ ಬೆಳಗು.

ಒಂದು ಬೆಳಗ್ಗೆ ಒಬ್ಬ ಮಾಂತ್ರಿಕ ಬಂದು ಏದುಸಿರಿನ ನಾಟಕವಾಡಿದ. ಪದ್ಧತಿಯಂತೆ ಯಾರೂ ಏನೂ ಕೇಳಲಿಲ್ಲ. ಗಂಜಿ ಕುಡಿದವನೇ ಉಂಡ ಮನೆಗೆ ಎರಡು ಬಗೆದ. ಒಮ್ಮೆ ಜೋರಾಗಿ ಉಸಿರೆಳೆದು, ಊರಿನ ಉಸಿರನ್ನೆಲ್ಲ ಎದೆಗೆ ತುಂಬಿಕೊಂಡು ಶಿಖರಕ್ಕೆ ಹಾರಿಹೋದ. ಜನ ಇದ್ದಲ್ಲೇ ಕುಸಿದರು. ಹಂಡೆಯ ಮೇಲೆ ಬಗ್ಗಿದ್ದ ಜಕ್ಕಲೆಯ ಉಸಿರು ಮಾತ್ರ ಹಬೆಯಲ್ಲಿ ಅಡಗಿ ಉಳಿಯಿತು.

ಅವಳು ಕೋಟೆ ಹತ್ತಿ ನೋಡಿದಳು. ಕಂಚುಗನ ಬೆರಳುಗಳು ಆಗಲೇ ಕಲ್ಲಾಗುತ್ತಿದ್ದವು. ಹೀಗೇ ಬಿಟ್ಟರೆ ಸಂಜೆಗೆ ಊರಿಗೆ ಊರೇ ಕಲ್ಲಾಗುತ್ತದೆ. ಗಂಜಿಯ ಮಡಕೆ, ಕೆಂಡದ ಕುಡಿಕೆ ಹೊತ್ತು ಹೊರಟಳು. ಓಡಲಿಲ್ಲ, ಓಡಿದವರು ಆ ಬೆಟ್ಟ ಹತ್ತಿದ್ದಿಲ್ಲ.

ದಾರಿಯಲ್ಲಿ ಮಾಂತ್ರಿಕ ಕಾವಲಿಟ್ಟ ಕಲ್ಲುಕರಡಿ ಅಡ್ಡ ನಿಂತಿತು. "ಯಾರೇ ನೀನು? ನುಂಗಿಬಿಡ್ತೀನಿ!"

"ಕಾವಲು ಕಾದು ಏದುಸಿರು ಬಿಡ್ತಿದೀಯಲ್ಲಪ್ಪ. ಮೊದಲು ಕೂತು ಗಂಜಿ ಕುಡಿ. ಮಾತು ಆಮೇಲೆ."

ಕರಡಿ ಕುಡಿಯಿತು, ದಾರಿ ಬಿಟ್ಟಿತು.

ಮುಂದೆ ಹಿಮಚಿರತೆ. "ಯಾರೇ ನೀನು? ಸೀಳಿಬಿಡ್ತೀನಿ!"

"ನಿನಗೂ ಏದುಸಿರೇ. ಮೊದಲು ಗಂಜಿ ಕುಡಿ. ಮಾತು ಆಮೇಲೆ."

ಚಿರತೆ ಕುಡಿಯಿತು, ಅವಳನ್ನು ಬೆನ್ನ ಮೇಲೆ ಹೊತ್ತು ಶಿಖರ ಮುಟ್ಟಿಸಿತು.

ಅಲ್ಲಿ ಮಾಂತ್ರಿಕ ಬೆಟ್ಟದಷ್ಟು ಊದಿಕೊಂಡು ಕೂತಿದ್ದ. ಸೂರ್ಯ ಕೆಳಗಿಳಿಯುತ್ತಿದ್ದ. ಜಕ್ಕಲೆ ಕೆಂಡದ ಮೇಲೆ ಗಂಜಿ ಕುದಿಸಿ, ಬಟ್ಟಲಿಗೆ ಬಗ್ಗಿಸಿ ಅವನ ಮುಂದಿಟ್ಟಳು.

"ಉಸಿರು ಕೇಳೋಕೆ ಬಂದ್ಯಾ? ಕೇಳು ಮತ್ತೆ!" ಅವನು ಉಸಿರು ಸೋರದಂತೆ ಹಲ್ಲು ಕಚ್ಚಿಕೊಂಡೇ ಗುಡುಗಿದ.

"ಅಷ್ಟು ಜನರ ಉಸಿರು ಹೊತ್ತು ದಣಿದಿದೀರಿ. ಮೊದಲು ಗಂಜಿ ಕುಡೀರಿ. ಮಾತು ಆಮೇಲೆ."

ಬಟ್ಟಲಿನಿಂದ ಜೀರಿಗೆಯ ಘಮ ಎದ್ದಿತು. ಅವನ ಬಾಯಲ್ಲಿ ನೀರೂರಿತು. ಬಟ್ಟಲೆತ್ತಿ ತುಟಿಗಿಟ್ಟ, ಸುರುಕ್ಕೆಂದು ಸುಟ್ಟಿತು. ಬಿಸಿ ಗಂಜಿಯನ್ನು ಯಾರಾದರೂ ಏನು ಮಾಡುತ್ತಾರೋ ಅವನೂ ಅದನ್ನೇ ಮಾಡಿದ. ಉಫ್ ಎಂದು ಊದಿದ.

ಅಷ್ಟೇ. ಊರಿನ ಉಸಿರೆಲ್ಲ ಹೊರಬಿದ್ದು, ಮೋಡಗಳನ್ನು ಸರಿಸಿಕೊಂಡು ಮುಗಿಲೂರಿಗೆ ಇಳಿಯಿತು. ಕೆಳಗಿನಿಂದ ಕೊಂಬಿನ ದನಿ ಕೇಳಿಸಿತು. ಸಂಜೆಯಾಗಿದ್ದರೂ ಕಂಚುಗ ಊದುತ್ತಿದ್ದ. ಜಕ್ಕಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಮಾಂತ್ರಿಕ ಕುಗ್ಗಿ ಕುಗ್ಗಿ ಒಬ್ಬ ಬಡಕಲು ಮುದುಕನಾಗಿದ್ದ. ಅವನು ಬಟ್ಟಲು ಬರಿದು ಮಾಡುವ ತನಕ ಕಾದು ಅವಳು ಕೇಳಿದಳು, "ಈಗ ಹೇಳಿ ಅಜ್ಜ, ನಿಮ್ಮ ಹೆಸರೇನು?"

"ಬಿಂಜ," ಎಂದ ಅವನು. ಅದನ್ನು ಅವನ ಬಳಿ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

ಜಕ್ಕಲೆ ಅವನನ್ನು ಊರಿಗೆ ಕರೆತಂದಳು. ಇನ್ನು ಮುಂದೆ ಬಂದವರನ್ನು ಬಾಗಿಲಲ್ಲೇ ವಿಚಾರಿಸೋಣ ಎಂದರು ಮಂತ್ರಿಗಳು. ಜಕ್ಕಲೆ ಸೌಟು ಎತ್ತಿದಳು, ಮಂತ್ರಿಗಳು ಹಿಂದೆ ಸರಿದರು. ಪದ್ಧತಿ ಉಳಿಯಿತು. ಕಟ್ಟೆಯ ಒಲೆ ಊದುವ ಕೆಲಸ ಬಿಂಜಜ್ಜನಿಗೆ ಸಿಕ್ಕಿತು. ಆ ಒಲೆಯ ಬಳಿ ಅವರು ಮೇಲೆ ಬೆಚ್ಚಗಿದ್ದಾರೆ. ಕತೆ ಕೇಳಿದ ನಾವು ಕೆಳಗೆ ತಣ್ಣಗಿದ್ದೇವೆ.