ಅಮ್ರಿ ಬರುವ ನಸುಕು

ಸೂಗಪ್ಪ ಕಪ್ಪಿನಿಂದ ಬಸಿಗೆ ಚಹಾ ಸುರುವಿಕೊಂಡು ತುಟಿಗೆ ತರುವಷ್ಟರಲ್ಲಿ, ಎದುರಿಗೆ ಕೂತಿದ್ದ ಕಲ್ಯಾಣಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಹಿತ್ತಲಿಗೆ ಓಡಿದಳು.

ನಿಶ್ಚಿತಾರ್ಥವಾಗಿ ಎಂಟೇ ದಿನ. ಮಸ್ಕಿಯ ಆ ಮನೆಗೆ ಅವನು ಒಬ್ಬನೇ ಬಂದದ್ದು ಅದೇ ಮೊದಲು. ಸಿಂಧನೂರು ಬಸ್‌ಸ್ಟ್ಯಾಂಡಿನಲ್ಲಿ ಒಂದು ಮೊಳ ಕನಕಾಂಬರ ಕೊಂಡಿದ್ದ. ಕೊಡಲು ನಾಚಿಕೆಯಾಗಿ ಕಿಸೆಯಲ್ಲೇ ಇಟ್ಟುಕೊಂಡು ಕೂತಿದ್ದ.

ಬಚ್ಚಲ ಕಲ್ಲಿನ ಮೇಲೆ ಕುಕ್ಕರಿಸಿದ ಕಲ್ಯಾಣಮ್ಮನಿಗೆ ಮೈಯೆಲ್ಲ ತಣ್ಣನೆಯ ಬೆವರು. ಕಣ್ಣು ಹೊರಳಿಸಿದರೆ ಸಾಕು, ತಲೆಯೊಳಗೆ ಝುಮ್ಮೆಂದು ಏನೋ ಹರಿದುಹೋಗುತ್ತಿತ್ತು. ಗೋಡೆ ಹಿಡಿದು ಪಡಸಾಲೆಗೆ ಬಂದಾಗ ಅವನು ಚಪ್ಪಲಿ ಮೆಟ್ಟಿ ನಿಂತಿದ್ದ.

"ನನ್ನ ಕೈ ನೋಡಿದ್ರ ನಿಮಗ ಆ ದಿನ ನೆನಪಾಗತೈತಿ. ನನಗ ತಿಳೀತೈತ್ರೀ," ಎಂದ. "ಒಲ್ಲೆ ಅಂತ ಒಂದು ಮಾತು ಹೇಳ್ರಿ ಸಾಕು. ನಮ್ಮವ್ವಗ ನಾ ಏನರ ಹೇಳಿ ಸಮಾಧಾನ ಮಾಡ್ತೀನಿ."

ಅಲ್ಲ ಎನ್ನುವಷ್ಟರಲ್ಲಿ ಮತ್ತೆ ವಾಕರಿಕೆ ಬಂದು ಅವಳು ಬಾಯಿಗೆ ಸೆರಗು ಒತ್ತಿಕೊಂಡಳು. ಅವನು ತುಸು ಹೊತ್ತು ಕಾದು ಬಸ್ಸಿಗೆ ನಡೆದ.

ಆ ದಿನ ಎಂದು ಅವನು ಹೇಳಿದ್ದು ಮೂರು ವರ್ಷದ ಹಿಂದಿನದು, ತೊಂಬತ್ತರ ದೀಪಾವಳಿಯ ಮುಂದಿನ ವಾರ. ಕಲ್ಯಾಣಮ್ಮ ಮತ್ತು ತಂಗಿ ಅಮರಮ್ಮ, ಮನೆಯವರ ಬಾಯಲ್ಲಿ ಅಮ್ರಿ, ಜವಳಗೇರಾದ ಸೋದರಮಾವನ ಮನೆಗೆ ಹೋಗಿದ್ದರು. ಕಾಲುವೆಯ ಮೆಟ್ಟಿಲ ಮೇಲೆ ಅಕ್ಕ ಸೀರೆ ಹಿಂಡುತ್ತಿದ್ದಳು, ತಂಗಿ ಜಾಲಿಸುತ್ತಿದ್ದಳು. ಪಾಚಿಯ ಮೇಲೆ ಕಾಲು ಜಾರಿತು. ಅಕ್ಕ ತಿರುಗಿ ನೋಡುವುದರೊಳಗೆ ಹತ್ತೊಂಬತ್ತರ ಹುಡುಗಿಯನ್ನು ಕಾಲುವೆ ಹತ್ತು ಮಾರು ದೂರ ಒಯ್ದಿತ್ತು. ಅಲ್ಲಿ ನೀರಿನ ಮಟ್ಟ ಅಳೆದು ಬರೆದುಕೊಳ್ಳುವ ಕೆಲಸದಲ್ಲಿದ್ದ ಸೂಗಪ್ಪ ಸೇತುವೆಯ ಹತ್ತಿರ ಜಿಗಿದು ಅವಳನ್ನು ಎತ್ತಿ ತಂದ. ಉಸಿರು ಇರಲಿಲ್ಲ. ತನ್ನ ಅಂಗಿ ಕಳಚಿ ಹೊದಿಸಿದ. ಊರವರು ಬರುವ ತನಕ ಅಕ್ಕನ ಪಕ್ಕ ಕೂತಿದ್ದ.

ಆಮೇಲೆ ಕಲ್ಯಾಣಮ್ಮ ತಿಂಗಳುಗಟ್ಟಲೆ ಮಲಗಲಿಲ್ಲ, ಉಣ್ಣಲಿಲ್ಲ. ಕೊನೆಗೆ ಪ್ರತಿ ಗುರುವಾರ ಲಿಂಗಸುಗೂರಿಗೆ ಬರುವ ಮನೋರೋಗದ ಡಾಕ್ಟರ್ ಶಿವಶರಣಪ್ಪ ಗುಳಿಗೆ ಬರೆದುಕೊಟ್ಟರು. ತಿಂಗಳೆರಡರಲ್ಲಿ ನಿದ್ದೆ ಬಂತು. ವರ್ಷದೊಳಗೆ ಮಸ್ಕಿಯ ಹೊಲಿಗೆ ಕೇಂದ್ರದಲ್ಲಿ ಟೀಚರಾಗಿ ಸೇರಿದಳು.

ಅಲ್ಲಿಗೊಂದು ದಿನ ಸೂಗಪ್ಪ ಗುಂಡಿ ಹಚ್ಚಿಸಿಕೊಳ್ಳಲು ಬಂದ. ಹದಿನೈದು ದಿನ ಬಿಟ್ಟು ಮತ್ತೆ ಬಂದ. ಮೂರನೆಯ ಸಲ ಬಂದಾಗ ಅವಳು ಅಂಗಿಯನ್ನು ಬೆಳಕಿಗೆ ಹಿಡಿದು ನೋಡಿದಳು.

"ಈ ಗುಂಡಿ ಉದುರಿಲ್ಲ ಬಿಡ್ರಿ. ಬ್ಲೇಡಿಲೆ ಕೊಯ್ದೀರಿ."

"ಇಲ್ರೀ... ಅದು... ಜಾಲಿ ಮುಳ್ಳಿಗೆ ಸಿಕ್ಕಿತ್ರೀ."

"ಮುಳ್ಳು ಇಷ್ಟು ನೀಟಾಗಿ ಕತ್ತರಸತೈತೇನು?"

ಅವನ ಕಿವಿ ಕೆಂಪಾದವು. ಅವಳು ತಲೆ ತಗ್ಗಿಸಿ ದಾರ ಪೋಣಿಸಿದಳು. ಆದರೆ ತುಟಿಯಂಚಿನ ನಗು ಅವನಿಗೆ ಕಂಡೇ ಕಂಡಿತು. ಎರಡು ವರ್ಷದಲ್ಲಿ ಅವಳು ನಕ್ಕಿದ್ದು ಅದೇ ಮೊದಲು. ಮುಂದೆ ಅವನ ತಾಯಿಯೇ ಹೆಣ್ಣು ಕೇಳಿಕೊಂಡು ಬಂದಳು.

ನಿಶ್ಚಿತಾರ್ಥದ ಮರುದಿನ ಕಲ್ಯಾಣಮ್ಮನನ್ನು ಸಾಕಿದ ಚಿಕ್ಕಮ್ಮ, ಚಿಗವ್ವ ವೀರಭದ್ರಮ್ಮ, ಗುಳಿಗೆಯ ಡಬ್ಬಿ ಮುಂದಿಟ್ಟುಕೊಂಡು ಕೂತಳು. "ತಲಿ ಸರಿ ಇಲ್ಲದ ಹುಡುಗೀನ ಕಟ್ಟ್ಯಾರ ಅಂತ ಬೀಗರು ಅಂದಾರು. ಈಗ ಆರಾಮ ಅದಿ ಹೌದಿಲ್ಲೋ? ಇನ್ನ್ಯಾಕ ಇವು?"

ಕಲ್ಯಾಣಮ್ಮನಿಗೂ ಹೌದೆನ್ನಿಸಿತು. ದಿನಕ್ಕೆ ಮೂರರಂತೆ ಎರಡು ವರ್ಷ ನುಂಗಿದ ಗುಳಿಗೆಗಳನ್ನು ತಾನೇ ಹೋಗಿ ತಿಪ್ಪೆಗೆ ಸುರಿದು ಬಂದಳು.

ಮೂರನೆಯ ದಿನಕ್ಕೆ ಹೊಟ್ಟೆ ತೊಳೆಸತೊಡಗಿತು. ನಾಲ್ಕನೆಯ ದಿನ ಸೂಜಿಯ ಕಣ್ಣು ಎರಡಾಗಿ ಕಂಡಿತು. ದಾರ ಹರಿದರೆ ಅಳು ಬರುತ್ತಿತ್ತು. ಐದನೆಯ ದಿನ ನಸುಕಿನಲ್ಲಿ ಅಮ್ರಿ ಬಂದಳು.

ಗುಳಿಗೆ ತಿನ್ನುತ್ತಿದ್ದ ಎರಡು ವರ್ಷ ಕಲ್ಯಾಣಮ್ಮನಿಗೆ ಕನಸೇ ಬಿದ್ದಿರಲಿಲ್ಲ. ಈಗ ಬಿದ್ದ ಕನಸು ಎಚ್ಚರಕ್ಕಿಂತ ಸ್ಪಷ್ಟವಾಗಿತ್ತು. ಅಮ್ರಿ ಹೊಲಿಗೆ ಮಷೀನಿನ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಳು. ಜಡೆಯ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. "ಯಕ್ಕಾ, ಗುಂಡಿ ಕೊಯ್ಕೊಂಡು ಬರೋ ಮನಷ್ಯಾನ ಸಿಕ್ಕನೇನು ನಿನಗ?" ಎಂದು ಕಿಸಕ್ಕನೆ ನಕ್ಕಳು. ಎದ್ದು ಕೂತ ಮೇಲೂ ಆ ನಗು ಕೋಣೆಯಲ್ಲಿ ಇನ್ನೂ ಆಡುತ್ತಿತ್ತು. ಕಲ್ಯಾಣಮ್ಮ ನೆಲವನ್ನು ಮುಟ್ಟಿ ನೋಡಿದಳು. ಒಣಗಿತ್ತು.

ಮರುದಿನವೂ ಬಂದಳು. ಅದರ ಮರುದಿನವೂ. ಕಲ್ಯಾಣಮ್ಮ ನಿದ್ದೆಯಲ್ಲಿ ತಂಗಿಯ ಹೆಸರು ಹಿಡಿದು ಮಾತಾಡುವುದನ್ನು ಕೇಳಿಸಿಕೊಂಡ ಚಿಗವ್ವ ದೇವರ ಮನೆಯ ವಿಭೂತಿ ತಂದು ಹಣೆಗೆ ಬಳಿದಳು. "ನೀರಾಗ ಹೋದಾಕಿ ಬೆನ್ನು ಹತ್ಯಾಳ. ಅಮಾಸಿಗೆ ಕರ್ಕೊಂಡು ಹೋಗಿ ಬಿಡಿಸ್ಕೊಂಡು ಬರಬೇಕು," ಎಂದಳು.

ಸೂಗಪ್ಪನ ಎದುರು ಓಡಿಹೋದದ್ದು ಇಂಥ ದಿನಗಳ ನಡುವೆ.

ಆದರೆ ಅವನು ನಾಲ್ಕೇ ದಿನಕ್ಕೆ ಮತ್ತೆ ಬಂದ. ಒಲ್ಲೆ ಎಂಬ ಮಾತು ಅವಳ ಬಾಯಿಂದ ಬಂದಿರಲಿಲ್ಲ. ಅಷ್ಟೇ ಎಳೆ ಹಿಡಿದು ಬಂದಿದ್ದ. ಮಸ್ಕಿಯ ಬೆಟ್ಟದ ಬುಡದಲ್ಲಿ, ಮಧ್ಯಾಹ್ನದ ಇಳಿಬಿಸಿಲಲ್ಲಿ, ಚಿಗವ್ವ ದೂರದ ಬೇವಿನ ನೆರಳಿಗೆ ಕೂತಿದ್ದಳು. ಇವರಿಬ್ಬರು ಬಂಡೆಯ ಮೇಲೆ ಒಂದು ಮಾರು ಅಂತರ ಬಿಟ್ಟು ಕೂತರು.

"ನಿಮ್ಮ ಕೈ ನೋಡಿ ಅಲ್ಲ," ಎಂದಳು ಕಲ್ಯಾಣಮ್ಮ. "ನಾ ಗುಳಿಗಿ ತಗೋತಿದ್ದೆ. ಮನಸಿನ ಗುಳಿಗಿ. ಎರಡು ವರ್ಷ. ನಿಮಗ ಮುಚ್ಚಿಟ್ವಿ. ಲಗ್ನ ಐತಿ ಅಂತ ಬಿಟ್ಟೆ. ಅವತ್ತಿಂದ ಹಿಂಗ ಆಗೇತಿ."

ಅವನು ಎದ್ದು ಹೋಗುತ್ತಾನೆಂದು ಕಾದಳು. ಅವನು ಒಂದು ಕಲ್ಲು ಎತ್ತಿ ಕೈಯಿಂದ ಕೈಗೆ ಹಾಯಿಸುತ್ತ ಕೇಳಿದ. "ಒಮ್ಮೆಲೆ ಬಿಟ್ರೇನು?"

"ಹೂಂ. ಎಕ್ದಮ್."

"ಅಯ್ಯ! ನಮ್ಮ ಕಾಲುವಿ ನೀರು ಒಮ್ಮೆಲೆ ಇಳಿಸಿದ್ರ ಏರಿ ಕುಸೀತೈತ್ರೀ. ಮಣ್ಣು ನೀರು ಕುಡಿದು ಕೂತಿರತೈತಿ. ಅದಕ್ಕ ದಿನಕ್ಕ ಈಟೀಟ ಇಳಿಸ್ತೀವಿ. ನಾ ಡಾಕ್ಟರ್ ಅಲ್ಲ, ಆದ್ರ ಇದೂ ಹಂಗ ಇರಬೇಕು. ಗುರುವಾರ ಲಿಂಗಸುಗೂರಿಗೆ ಹೋಗೂಣು."

"ಒಲ್ಲೆ."

"ಯಾಕ್ರೀ?"

"ಗುಳಿಗಿ ತಗೊಂಡ್ರ ಅಮ್ರಿ ಬರಾಂಗಿಲ್ಲ," ಎಂದಳು. "ಮೂರು ವರ್ಷದ ಮ್ಯಾಲ ಆಕಿ ದನಿ ಕೇಳಾಕತ್ತೀನಿ. ವಾಂತಿ ಆಗಲಿ, ತಲಿ ಸಿಡಿಲಿ. ನಸುಕಿಗೆ ಆಕಿ ಬರತಾಳ. ನಿನ್ನೆ ಕೈ ಹಿಡಿದು ಜಗ್ಗಿದ್ಲು. 'ಬಾ ಯಕ್ಕ, ನೀರು ತಂಪೈತಿ' ಅಂದ್ಲು. ನಾ... ಎದ್ದು ಬಾಗಿಲ ತನಕ ಹೋಗಿದ್ದೆ."

ಸೂಗಪ್ಪನ ಕೈಯ ಕಲ್ಲು ಕೆಳಗೆ ಬಿತ್ತು.

"ನನಗೂ ಕಾಣ್ತಾಳ," ಎಂದ ಅವನು. ದನಿ ಇಳಿದಿತ್ತು. "ಅಳತಿ ನೋಡಾಕ ಬಗ್ಗಿದಾಗೆಲ್ಲ, ನೀರೊಳಗ ಆಕಿ ಕೂದಲ ಕಂಡಂಗ ಆಗತೈತಿ. ಯಾರಿಗೂ ಹೇಳಿಲ್ಲ. ನನಗ ಗೊತ್ತಿರೂದು ಆಕಿ ಸತ್ತ ಮುಖ ಒಂದ. ಹ್ಯಾಂಗ ನಗತಿದ್ಲು, ಹ್ಯಾಂಗ ಜಗಳಾಡತಿದ್ಲು, ಏನೂ ಗೊತ್ತಿಲ್ಲ. ನೀವು ಹೇಳ್ರೀ. ಜೀವಂತ ಇದ್ದಾಕಿ ಬಗ್ಗೆ ಹೇಳ್ರೀ. ನಿಮ್ಮನ್ನ ನೀರಿಗೆ ಕರೆಯಾಕಿ ನಿಮ್ಮ ಅಮ್ರಿ ಅಲ್ಲ."

ಕಲ್ಯಾಣಮ್ಮ ಮೊಣಕಾಲಿಗೆ ಮುಖ ಒತ್ತಿ ಅತ್ತಳು. ಬಹಳ ಅತ್ತಳು. ಅವನು ಮುಟ್ಟಲಿಲ್ಲ, ಸುಮ್ಮನಿರು ಎನ್ನಲೂ ಇಲ್ಲ. ಅಳು ಇಳಿದ ಮೇಲೆ ಅವಳೇ ಮೂಗು ಒರೆಸಿಕೊಂಡು ಹೇಳತೊಡಗಿದಳು. ಅಮ್ರಿ ಹಸಿ ಶೇಂಗಾ ಕದ್ದು ಲಂಗದ ಮಡಿಕೆಯಲ್ಲಿ ಇಟ್ಟುಕೊಂಡು, ಸಿಕ್ಕಿಬಿದ್ದಾಗ ಸಿಪ್ಪೆ ಸಮೇತ ನುಂಗಲು ಹೋಗಿದ್ದಳಂತೆ. ಅವನು ನಕ್ಕ. ಅವನ ನಗುವಿಗೆ ಅವಳೂ ನಕ್ಕಳು. ಬಿಸಿಲಲ್ಲಿ ನಡುಗುತ್ತಿದ್ದ ಮೈಗೆ ಒಂದು ಗಳಿಗೆ ಬಿಸಿಲು ತಾಕಿತು. ಏಳುವ ಮುನ್ನ, "ಗುರುವಾರ ಹೋಗೂಣು," ಎಂದಳು.

ಗುರುವಾರ ಚಿಗವ್ವನನ್ನೂ ಕರೆದುಕೊಂಡು ಮೂವರೂ ಲಿಂಗಸುಗೂರಿನ ಬಸ್ಸು ಹತ್ತಿದರು. ಡಾಕ್ಟರು ಕೇಳಿ ಕನ್ನಡಕ ತೆಗೆದಿಟ್ಟರು.

"ದೆವ್ವನೂ ಅಲ್ಲ, ಹುಚ್ಚೂ ಅಲ್ಲಮ್ಮ," ಎಂದರು ವೀರಭದ್ರಮ್ಮನಿಗೆ. "ಗುಳಿಗಿಗೆ ಮೈ ಒಗ್ಗಿರತದ. ಒಮ್ಮೆಲೆ ನಿಲ್ಲಿಸಿದ್ರ ಹೊಟ್ಟಿ ತೊಳಸತದ, ಬೆವರು ಬರತದ, ನಿಚ್ಚಳ ಕನಸು ಬೀಳತಾವ. ಮತ್ತ ಶುರು ಮಾಡೋಣು. ಆಮ್ಯಾಲ ಸಾವಕಾಶ ಇಳಿಸೋಣು. ಕೆಟ್ಟ ವಿಚಾರ ಬಂದ್ರ ಯಾವತ್ತಿದ್ರೂ ಓಡಿ ಬರಬೇಕು, ಒಬ್ಬಾಕಿ ಇರಬಾರದು."

ಚಿಗವ್ವ ಹೊರಗಿನ ಬೆಂಚಿನ ಮೇಲೆ ಕೂತು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ನಾನ ಚೆಲ್ಲಸಿದ್ನೆಪಾ," ಎಂದು ಸೂಗಪ್ಪನ ಕೈ ಹಿಡಿದಳು. ಅಂದಿನಿಂದ ಕಲ್ಯಾಣಮ್ಮನ ಪಕ್ಕದಲ್ಲೇ ಹಾಸಿಗೆ ಹಾಸಿಕೊಂಡಳು.

ಗುಳಿಗೆ ಮತ್ತೆ ಶುರುವಾಯಿತು. ವಾರದೊಳಗೆ ವಾಂತಿ ನಿಂತಿತು. ಹತ್ತನೆಯ ನಸುಕಿನಲ್ಲಿ ಅಮ್ರಿ ಬರಲಿಲ್ಲ. ಕಲ್ಯಾಣಮ್ಮ ಖಾಲಿ ಮಷೀನನ್ನು ನೋಡುತ್ತ ಬೆಳಗಾಗುವ ತನಕ ಕೂತಿದ್ದಳು.

ಸಂಕ್ರಾಂತಿಯ ಹೊತ್ತಿಗೆ ಮೂರಿದ್ದದ್ದು ಎರಡಾಯಿತು, ಶಿವರಾತ್ರಿ ಕಳೆದ ಮೇಲೆ ಒಂದು, ಆಮೇಲೆ ಅರ್ಧ. ಇಳಿಸಿದಾಗಲೆಲ್ಲ ನಾಲ್ಕೈದು ದಿನ ತಲೆ ಝುಮ್ಮೆನ್ನುತ್ತಿತ್ತು. ಒಂದು ಸಲ ತೀರಾ ಹೈರಾಣಾಗಿ ಹದಿನೈದು ದಿನ ಇಳಿಸುವುದನ್ನೇ ನಿಲ್ಲಿಸಿದರು. ಪ್ರತಿ ಭಾನುವಾರ ಸೂಗಪ್ಪ ಬರುತ್ತಿದ್ದ. "ಈ ವಾರದ ಅಮ್ರಿ ಎಲ್ಲಿ?" ಎಂದು ಬಾಗಿಲಲ್ಲೇ ಕೇಳುತ್ತಿದ್ದ. ಅವಳು ವಾರವಿಡೀ ನೆನಪಿನಲ್ಲಿ ಹುಡುಕಿ ಒಂದು ಕತೆ ಇಟ್ಟುಕೊಂಡಿರುತ್ತಿದ್ದಳು. ಯಾವ ಭಾನುವಾರದಿಂದ ಅವನು 'ರೀ' ಬಿಟ್ಟು 'ನೀ' ಎನ್ನತೊಡಗಿದನೋ ಇಬ್ಬರಿಗೂ ತಿಳಿಯಲಿಲ್ಲ. ತನ್ನ ತಾಯಿಗೆ ಗುಳಿಗೆಯ ವಿಷಯ ಅವನೇ ಹೇಳಿದ್ದ. ಆಕೆ ಎರಡು ದಿನ ಮುಖ ಬಿಗಿದುಕೊಂಡಿದ್ದು, ಮೂರನೆಯ ದಿನ, "ನಿಮ್ಮಪ್ಪ ತೀರ್ಕೊಂಡ ವರ್ಷ ನನಗೂ ಯಾರರ ಈ ಗುಳಿಗಿ ಕೊಟ್ಟಿದ್ರ ಚೊಲೊ ಇತ್ತು," ಎಂದಳಂತೆ.

ವೈಶಾಖದಲ್ಲಿ ಲಗ್ನವಾಯಿತು. ಕಲ್ಯಾಣಮ್ಮ ಜವಳಗೇರಾಕ್ಕೆ ಬಂದಾಗ ಕಾಲುವೆ ಬತ್ತಿತ್ತು. ಅರ್ಧ ಗುಳಿಗೆಯೂ ನಿಂತಿದ್ದು ಜೂನ್‌ನಲ್ಲಿ. ಜುಲೈ ಕೊನೆಗೆ ಒಂದು ಬೆಳಿಗ್ಗೆ ದೂರದಿಂದ ಮೊರೆತ ಕೇಳಿತು. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ನೀರು ಬಿಟ್ಟಾರ," ಎಂದ ಸೂಗಪ್ಪ ಬಾಗಿಲಲ್ಲಿ ನಿಂತು. "ನೀ ಎರಡು ದಿನ ಮಸ್ಕಿಗೆ ಹೋಗಿ ಬಾ. ನಾ ಬಸ್ಸಿಗೆ ಹತ್ತಸ್ತೀನಿ."

ಕಲ್ಯಾಣಮ್ಮ ಕೈ ತೊಳೆದಳು. ಚಪ್ಪಲಿ ಮೆಟ್ಟಿ ಅವನಿಗಿಂತ ಮೊದಲೇ ಹೊರಟಳು.

ಏರಿಯ ಮೇಲೆ ಅವನು ನೀರಿನ ಮಗ್ಗುಲಿಗೆ, ಅವಳು ಹೊಲದ ಮಗ್ಗುಲಿಗೆ. ಕೆಂಪು ನೀರು ಕಸಕಡ್ಡಿ ಹೊತ್ತು ಬರುತ್ತಿತ್ತು. ಎಲ್ಲೋ ಒಂದು ಕಡೆ ಉದ್ದನೆಯ ಕಪ್ಪು ಜೊಂಡು ಜಡೆಯ ಹಾಗೆ ಹೊರಳಿತು. ಅವಳು ಗಕ್ಕನೆ ನಿಂತಳು. ಅವನೂ ಅದನ್ನೇ ನೋಡುತ್ತಿದ್ದ.

"ಹೆದರಿಕಿ ಆತೇನು?"

"ಹೂಂ."

"ತಿರುಗಿ ಹೋಗೂಣೇನು?"

ಅವಳು ನೀರನ್ನು ನೋಡಿದಳು. ಕಣ್ಣು ತುಂಬಿದ್ದವು, ತಲೆ ಮಾತ್ರ ನೆಟ್ಟಗಿತ್ತು. ಅವನ ಮೊಣಕೈಯ ಹತ್ತಿರ ಅಂಗಿಯ ತೋಳನ್ನು ಬಿಗಿಯಾಗಿ ಹಿಡಿದುಕೊಂಡಳು.

"ಬ್ಯಾಡ," ಎಂದಳು. "ಇನ್ನೊಂದೀಟು ಮುಂದ ಹೋಗೂಣು."